ಉಸಿರು ನಿಂತರೆ ಎಣಿಸಿ

ಸೇಲಂನ ನೇಕಾರರ ಬೀದಿ, ರಾತ್ರಿ ಒಂದೂವರೆ. ದೇವಾಂಗರ ಮನೆ, ಹೊರಗೆ ತಮಿಳು, ಒಳಗೆ ಕನ್ನಡ. ಕರೆಂಟು ಹೋಗಿದೆ, ಫ್ಯಾನು ನಿಂತಿದೆ, ಕೇಳುತ್ತಿರುವುದು ಗೊರಕೆ ಮಾತ್ರ. ನೀವು ಚಾಪೆಯ ಮೇಲೆ ಎದ್ದು ಕೂತಿದ್ದೀರಿ. ಅಂಗಾತ ಬಿದ್ದಿರುವ ಗಂಡ ಬೆಳಗ್ಗೆ ಐದಕ್ಕೆ ಲಾರಿ ಹತ್ತಬೇಕು. ಹೊಸೂರಿಗೆ ಲೋಡು. ವಾಪಸು ಬರುವಾಗ ಧರ್ಮಪುರಿ ದಾಟಿ ತೊಪ್ಪೂರು ಘಾಟಿ ಇಳಿಯಬೇಕು.

ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ದಿಂಬಿನ ಹತ್ತಿರ ಇಡುತ್ತೀರಿ.

ಕಾರಣ ಒಂದೊಂದಾಗಿ ಹುಡುಕಬೇಕು. ಬಗ್ಗಿ ಮೂಸುತ್ತೀರಿ: ಅಮೃತಾಂಜನದ ಘಾಟು ಇದೆ, ಹೆಂಡದ ವಾಸನೆ ಇಲ್ಲ. ಕುಡಿದಿದ್ದರೆ ಗಂಟಲಿನ ಸ್ನಾಯು ಸಡಿಲಾಗಿದೆ ಅನ್ನಬಹುದಿತ್ತು. ಮಲಗುವ ಮೊದಲು ಒಂದೊಂದೇ ಹೊಳ್ಳೆ ಒತ್ತಿಸಿ ನೋಡಿದ್ದಿರಿ, ಮೂಗು ಕಟ್ಟಿಲ್ಲ. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಕಿರಿದಾಗುತ್ತದೆ, ಮೆತ್ತನೆಯ ಅಂಗುಳು ಅದುರುತ್ತದೆ. "ರೀ, ಈ ಕಡೆ ತಿರುಗಿ." ಬೆವರಿದ ಭುಜ ತಳ್ಳುತ್ತೀರಿ. ಮಗ್ಗುಲಾಗುತ್ತಾರೆ. ಗೊರಕೆ ಕಡಿಮೆಯಾಗುವುದಿಲ್ಲ.

ಆಮೇಲೆ ನಿಂತುಬಿಡುತ್ತದೆ.

ಮೂಗಿನ ಕೆಳಗೆ ಬೆರಳಿಡುತ್ತೀರಿ. ಗಾಳಿ ತಾಗುವುದಿಲ್ಲ. ಹೊಟ್ಟೆ ಎಳೆಯುತ್ತಿದೆ, ಎದೆ ಎಳೆಯುತ್ತಿದೆ, ಉಸಿರು ಮಾತ್ರ ಇಲ್ಲ. ಅಲುಗಾಡಿಸಿ ಎಬ್ಬಿಸಲೇ? ಎಬ್ಬಿಸಿದರೆ ಎಷ್ಟು ಹೊತ್ತು ನಿಂತಿತ್ತೆಂದು ತಿಳಿಯದು. ಐದು. ಎಂಟು. ಹತ್ತು. ಕೈ ಅವರ ತೋಳಿನ ಮೇಲಿದೆ. ಹದಿನೈದು. ಹದಿನೆಂಟು. ಗೊರ್ರನೆ ಗಂಟಲು ಬಿಚ್ಚಿ ಮೈಯೆಲ್ಲ ಒದರಿಕೊಂಡು ಉಸಿರು ಎಳೆಯುತ್ತಾರೆ. ನಿಮ್ಮ ನಾಲಿಗೆ ಒಣಗಿದೆ.

ಹತ್ತು ಸೆಕೆಂಡು ದಾಟಿದ ತಡೆಯನ್ನು ವೈದ್ಯರು ಲೆಕ್ಕಕ್ಕೆ ಹಿಡಿಯುತ್ತಾರೆ. ಉಸಿರು ನಿಲ್ಲುವುದು, ತೀರಾ ಕುಗ್ಗುವುದು ಸೇರಿ ಗಂಟೆಗೆ 30 ಸಲ ಆದರೆ ತೀವ್ರ ಸ್ಲೀಪ್ ಅಪ್ನಿಯಾ. ಹೆಚ್ಚಿನ ಸಲ ಮಿದುಳು ಬೆಚ್ಚಿ ಎಚ್ಚರಗೊಳ್ಳುತ್ತದೆ. ಮಲಗಿದವರಿಗೆ ಸಾಮಾನ್ಯವಾಗಿ ನೆನಪೇ ಇರುವುದಿಲ್ಲ. ಬೆಳಗ್ಗೆ ತಲೆನೋವು, ಒಣಗಿದ ಬಾಯಿ, ಟೀ ಕುಡಿದರೂ ಸ್ಟಿಯರಿಂಗ್ ಮೇಲೆ ತೂಕಡಿಕೆ. ಘಾಟಿಯ ಇಳಿಜಾರಿನಲ್ಲಿ ಆ ತೂಕಡಿಕೆ ಎಂಥದೆಂದು ಸೇಲಂ, ಧರ್ಮಪುರಿ ಎರಡೂ ಜಿಲ್ಲೆಯವರಿಗೆ ಗೊತ್ತು.

ನಾಲ್ಕೂವರೆಗೆ ರೆಕಾರ್ಡಿಂಗ್ ಕೇಳಿಸುತ್ತೀರಿ. ಮೊದಲು ನಗುತ್ತಾರೆ. ಸದ್ದು ನಿಂತ ಜಾಗ ಬಂದಾಗ ನಗು ಹೋಗುತ್ತದೆ. "ಇದು ನಾನೇನೇ?" ಒಂದು ದಿನದ ಬಾಡಿಗೆ ಹೋದರೆ ಚೀಟಿಯ ಕಂತು ತಪ್ಪುತ್ತದೆ. ನೀವು ಮಾತಾಡುವುದಿಲ್ಲ, ಲಾರಿಯ ಬೀಗದ ಕೈ ನಿಮ್ಮ ಮುಷ್ಟಿಯಲ್ಲಿದೆ. ಅವರು ಓನರಿಗೆ ಫೋನ್ ಮಾಡಿ, ಬೇರೆ ಡ್ರೈವರನ್ನು ಕಳಿಸಿ ಎನ್ನುತ್ತಾರೆ.

ಇಎನ್‌ಟಿ ಡಾಕ್ಟರ ಮುಂದೆ "ಗೊರಕೆ" ಎಂದಷ್ಟೇ ಹೇಳಿ ಬರಬೇಡಿ. ಉಸಿರು ನಿಂತದ್ದನ್ನು ಹೇಳಿ, ರೆಕಾರ್ಡಿಂಗ್ ಕೇಳಿಸಿ, ನಿದ್ರೆಯ ಪರೀಕ್ಷೆ ಬೇಕೇ ಎಂದು ಕೇಳಿ. ಕಾಯಿಲೆ ಅದೇ ಆದರೆ ಗಾಳಿಯ ಒತ್ತಡದಿಂದ ಗಂಟಲು ತೆರೆದಿಡುವ ಮಾಸ್ಕ್ ಇದೆ. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದ ಉಪಾಯ ಅದು. ಗಂಡ ಲಾರಿ ಓಡಿಸುವವರು ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ.