ಮುಂದಿನ ಚಕ್ರ ಹಿಡಿದರೆ ಸಾಕು

ಅಮೆರಿಕದ ಡ್ರ್ಯಾಗ್ ರೇಸಿನಲ್ಲಿ ಓಟಕ್ಕೆ ಮೊದಲು ಹಿಂದಿನ ಟೈರು ನಿಂತಲ್ಲೇ ಗಿರಗಿರ ತಿರುಗಿ ಹೊಗೆಯೇಳುತ್ತದಲ್ಲ, ಅದು ಬರೀ ಶೋಕಿಗಲ್ಲ. ಬಿಸಿಯಾದ ರಬ್ಬರ್ ನೆಲವನ್ನು ಗಟ್ಟಿಯಾಗಿ ಕಚ್ಚುತ್ತದೆ. ಅದಕ್ಕೇ ಲೈನ್ ಲಾಕ್: ಮುಂದಿನ ಬ್ರೇಕಿನ ಪೈಪಿಗೆ ಕೂರಿಸುವ ಪುಟ್ಟ ಸೊಲೆನಾಯ್ಡ್ ವಾಲ್ವ್. ಪೆಡಲ್ ಒತ್ತಿ, ಗುಂಡಿ ಅದುಮಿ ಹಿಡಿದು, ಪೆಡಲ್ ಬಿಟ್ಟರೆ ಮುಂದಿನ ಚಕ್ರಗಳಲ್ಲಿ ಮಾತ್ರ ಒತ್ತಡ ಉಳಿಯುತ್ತದೆ. 2015ರ ಮಸ್ಟ್ಯಾಂಗ್ ಜಿಟಿಗೆ ಫೋರ್ಡ್ ಕಂಪನಿಯೇ ಈ ಸೌಲಭ್ಯ ಕೊಟ್ಟಿತು. ಹಳೆಯ ಕಾರಿಗೆ ಕಿಟ್ ಕೊಳ್ಳುವವರು ಪೈಪಿನ ಅಳತೆ, ನಟ್ಟಿನ ಥ್ರೆಡ್ ಎರಡೂ ಹೊಂದುತ್ತವೆಯೇ ನೋಡಲೇಬೇಕು. ಇದನ್ನು ಹ್ಯಾಂಡ್ ಬ್ರೇಕ್ ಅಂತ ಮಾತ್ರ ದಯವಿಟ್ಟು ಬಳಸಬೇಡಿ. ಕರೆಂಟ್ ನಿಂತರೆ ಕಾರು ಉರುಳುತ್ತದೆ. ಕೂರಿಸಿದ ಮೇಲೆ ಬ್ರೇಕ್ ಆಯಿಲಿನೊಳಗಿನ ಗಾಳಿ ಪೂರ್ತಿ ತೆಗೆಯಿರಿ. ಗುಳ್ಳೆ ಉಳಿದರೆ ಪೆಡಲ್ ಕಾಲಡಿ ಸ್ಪಂಜಿನ ಹಾಗೆ ಮೆತ್ತಗೆ ಕುಸಿಯುತ್ತದೆ.