ಅರೆದಲೆನೋವು ಮತ್ತು ಶಸ್ತ್ರಚಿಕಿತ್ಸೆ

ಆಯುರ್ವೇದದಲ್ಲಿ 'ಅರ್ಧಾವಭೇದಕ'ವೆಂದರೆ ಅರ್ಧ ತಲೆಯನ್ನು ಸೀಳುವಂಥ ನೋವು. ಇಂದು ಮೈಗ್ರೇನ್ ಎನ್ನುವುದು ಬಹುಮಟ್ಟಿಗೆ ಇದನ್ನೇ. ಮಠದಲ್ಲಿ ಓದುವಾಗ ಶಬ್ದವನ್ನಷ್ಟೇ ಅರಿತಿದ್ದ ನಾವು, ಅದರ ಕ್ರೌರ್ಯವನ್ನು ಕಂಡದ್ದು ಉಡುಪಿ ಸಮೀಪದ ಇನ್ನಂಜೆಯಲ್ಲಿ. ಭಕ್ತರೊಬ್ಬರ ಸೊಸೆ ತಿಂಗಳಲ್ಲಿ ಹತ್ತಾರು ದಿನ ಕತ್ತಲೆ ಕೋಣೆಯಲ್ಲಿ ಮಲಗಿರುತ್ತಿದ್ದರು. ಶಸ್ತ್ರಚಿಕಿತ್ಸೆಯಿಂದ ಶಾಶ್ವತ ಪರಿಹಾರವುಂಟೆಂದು ಕೇಳಿ, ಮನೆಯವರು ಒಡವೆ ಮಾರಲು ಸಿದ್ಧರಾಗಿ ನಮ್ಮ ಅಭಿಪ್ರಾಯ ಬೇಡಿದರು.

ನಾವು ವೈದ್ಯರಲ್ಲ, ಓದಿ ತಿಳಿದುದನ್ನು ಹೇಳಿದೆವು. ಹಣೆಯ ಸುಕ್ಕು ತೆಗೆಸಿಕೊಂಡ ಕೆಲವರಿಗೆ ಮೈಗ್ರೇನೂ ತಗ್ಗಿದುದನ್ನು ಅಮೆರಿಕದ ಡಾ. ಬಹ್ಮನ್ ಗುಯುರಾನ್ 2000ರಲ್ಲಿ ಪ್ರಕಟಿಸಿದರು. ಹಣೆ, ಕಣತಲೆ, ಕತ್ತುಗಳಲ್ಲಿ ನರದ ಮೇಲಿನ ಒತ್ತಡ ಬಿಡಿಸುವ ಶಸ್ತ್ರಚಿಕಿತ್ಸೆ ಹೀಗೆ ಬೆಳೆಯಿತು. 2009ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ, ನಿಜವಾದ ಚಿಕಿತ್ಸೆ ಪಡೆದ 49 ಜನರಲ್ಲಿ 41 ಮಂದಿಗೆ ಬಾಧೆ ಅರ್ಧಕ್ಕಾದರೂ ಇಳಿಯಿತು. 28 ಮಂದಿಗೆ ಪೂರ್ಣ ನಿಂತಿತು. ಆದರೆ ಕೊಯ್ದು, ನರ-ಸ್ನಾಯುಗಳನ್ನು ಹಾಗೆಯೇ ಬಿಟ್ಟು ಹೊಲಿದ 26 ಜನರಲ್ಲಿಯೂ 15 ಮಂದಿಗೆ ಬಾಧೆ ಅರ್ಧದಷ್ಟು ತಗ್ಗಿತು! ಪೂರ್ಣ ನಿಂತದ್ದು ಒಬ್ಬರಿಗೆ ಮಾತ್ರ. ಸಂಶೋಧನೆಯ ಹೊರಗೆ ಈ ಶಸ್ತ್ರಚಿಕಿತ್ಸೆ ಬೇಡವೆಂದು ಅಮೆರಿಕದ ತಲೆನೋವು ತಜ್ಞರ ಸಂಘ 2013ರಲ್ಲಿ ಸೂಚಿಸಿತು.

ಆದುದರಿಂದ ಒಡವೆಗಿಂತ ಮೊದಲು, ಹತ್ತಿರದ ಮಣಿಪಾಲದಲ್ಲಿ ನರರೋಗ ತಜ್ಞರನ್ನು ಕಾಣಿರಿ ಎಂದೆವು. ನೋವು ಬಂದ ದಿನಗಳನ್ನೂ ನುಂಗಿದ ಗುಳಿಗೆಗಳನ್ನೂ ಬರೆದಿಡಬೇಕು. ತಿಂಗಳಿಗೆ ಹದಿನೈದು ದಿನ ನೋವಿನ ಗುಳಿಗೆ ನುಂಗಿದರೆ ಗುಳಿಗೆಯೇ ತಲೆನೋವನ್ನು ತರಬಲ್ಲದು. ನೋವು ಬಾರದಂತೆ ತಡೆಯುವ ಔಷಧಿಗಳೂ ಚುಚ್ಚುಮದ್ದುಗಳೂ ಇಂದು ಇವೆ.

ಹುಸಿ ಚಿಕಿತ್ಸೆಗೂ ತಗ್ಗಿತೆಂದು ನೋವನ್ನು ಹುಸಿಯೆನ್ನಲಾಗದು. ದೇಹವನ್ನೇ ದೇಗುಲವೆಂದ ಶರಣರ ಮಕ್ಕಳು ನಾವು. ಮನೆಯ ಹೆಣ್ಣುಮಗಳು ನೋವೆಂದಾಗ ನೆಪವೆನ್ನದೆ ನಂಬುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು.