ಸತ್ರಾ ನಂಬರ್ ಫಾರ್ಮಿನ ಹುಡುಗಿ

ಡೊಂಬಿವಲಿಯಿಂದ ಬೆಳಿಗ್ಗೆ ಒಂಬತ್ತಕ್ಕೆ ಕಲ್ಯಾಣದ ಕಡೆ ಹೋಗುವ ಲೋಕಲಿನಲ್ಲಿ ಕೂರಲು ಜಾಗ ಸಿಗುತ್ತದೆ. ನೂಕುನುಗ್ಗಲೆಲ್ಲ ಮುಂಬಯಿ ಕಡೆಯ ಗಾಡಿಗೆ. ಹಾಗೆ ಒಂದು ಮಾರ್ಚಿನಲ್ಲಿ ನಾವು ಮೂವರು ಹೊರಟೆವು: ನಾನು, ಹದಿನೇಳರ ಹುಡುಗಿ, ಅವಳ ಏಳು ತಿಂಗಳ ಕೂಸು. ಅವಳಿಗೆ ಅಂದು ಹತ್ತನೆಯ ಪರೀಕ್ಷೆಯ ಮೊದಲ ಪೇಪರು. ಠಾಕುರ್ಲಿ ದಾಟುವಾಗಲೂ ದುಪಟ್ಟಾದ ಮರೆಯಲ್ಲಿ ಹಾಲೂಡುತ್ತ ಮರಾಠಿ ನಿಬಂಧ ಉರು ಹೊಡೆಯುತ್ತಿದ್ದಳು.

ಅವಳವ್ವ ನಮ್ಮ ಬಿಲ್ಡಿಂಗಿನಲ್ಲಿ ಪಾತ್ರೆ ತೊಳೆಯುವವಳು, ಇಂಡಿ ಕಡೆಯವಳು. ಇಲ್ಲಿ ಒಂಬತ್ತನೆಯವರೆಗೆ ಓದಿದ ಮಗಳನ್ನು ಊರಿಗೆ ಒಯ್ದು ಮದುವೆ ಮಾಡಿದ್ದಳು. ಹೆಣ್ಣಿಗೆ 18 ಆಗಬೇಕೆಂಬ ಕಾನೂನು 1978ರಿಂದಲೂ ಇದೆ. ಊರಿನ ಹಿರಿಯರಿಗೆ ಅದು ತಲುಪುವುದು ಮಾತ್ರ ತಡ. ಹೆರಿಗೆಗೆಂದು ಗದಗ ಗಾಡಿಯಲ್ಲಿ ಬಂದವಳು ಬಾಣಂತನ ಮುಗಿದ ಮೇಲೂ ಹೋಗಲಿಲ್ಲ. "ಅಕ್ಕೋರ, ನಾ ಸಾಲಿಗಿ ಹೋಗ್ತೀನ್ರಿ" ಅಂದಳು.

ಕರೆದುಕೊಂಡು ಹೋದೆ. ಶಾಲೆಯ ಹೆಸರು ಬೇಡ. ಮುಖ್ಯೋಪಾಧ್ಯಾಯರು ಅವಳ ಮುಖವನ್ನೂ ನೋಡದೆ, "ಉಳಿದ ಹುಡುಗಿಯರು ಏನು ಕಲಿತಾರು?" ಎಂದರು. ಲೆಕ್ಕ ಕಲಿತಾರು ಅಂತ ನಾಲಿಗೆ ತುದಿಗೆ ಬಂದಿತ್ತು.

ಉಳಿದದ್ದು ಖಾಸಗಿಯಾಗಿ ಕಟ್ಟುವ ದಾರಿ. ಇಲ್ಲಿ ಎಲ್ಲರ ಬಾಯಲ್ಲೂ ಅದು 'ಸತ್ರಾ ನಂಬರ್ ಫಾರ್ಮು'. ಐದನೆಯದು ಪಾಸಾಗಿರಬೇಕು, 14 ತುಂಬಿರಬೇಕು, ಶಾಲೆ ಬಿಟ್ಟ ದಾಖಲಾ ಬೇಕು. ದಾಖಲಾ ಗಂಡನ ಮನೆಯ ಟ್ರಂಕಿನಲ್ಲಿತ್ತು. ಅವ್ವನೇ ಹೋಗಿ ತಂದಳು, ಏನು ಹೇಳಿ ತಂದಳೋ.

ಗಣಿತ ಹೇಳಿಕೊಟ್ಟವರು ನಮ್ಮ ಯಜಮಾನರು. ಕುಂದಾಪುರದಿಂದ ಓಡಿಬಂದು ಹೋಟೆಲಿನ ಮಾಣಿಯಾಗಿ, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಅಂಥ ಹುಡುಗರು ಕೈ ತೊಳೆದುಕೊಂಡು ಬರುವ ಹೊತ್ತಿಗೇ ಗಂಟೆ ಬಾರಿಸುತ್ತಿದ್ದವು. ಒಂದು ಸಂಜೆ ಪೆನ್ಸಿಲ್ ಹಿಡಿದ ಅವಳ ತೊಡೆಯ ಮೇಲೆ ಕೂಸು ಪುಸ್ತಕ ಜಗಿಯುತ್ತಿದ್ದುದನ್ನು ನೋಡಿ, "ನಾವಾದರೆ ಗ್ಲಾಸು ಕವುಚಿಟ್ಟು ಬರುತ್ತಿದ್ದೆವು ಮಾರಾಯ್ತಿ" ಅಂದರು.

ಕಲ್ಯಾಣದಲ್ಲಿ ಹನ್ನೊಂದಕ್ಕೆ ಗಂಟೆ ಹೊಡೆಯಿತು. ಗೇಟಿನ ಹೊರಗೆ ನಾನು, ಕೂಸು, ಒಳಲೆ, ಹಿಂಡಿಟ್ಟ ಹಾಲು. ಅರ್ಧ ಗಂಟೆ ಸುಮ್ಮನಿದ್ದವನು ಆಮೇಲೆ ಶುರು ಮಾಡಿದ. ಒಳಲೆ ಕಂಡರೆ ತುಟಿ ಬಿಗಿಹಿಡಿಯುತ್ತಿದ್ದ. ಅಳು ತಾಯಿಯ ಕಿವಿಗೆ ಬಿದ್ದರೆ ಮೊಲೆ ತೊಟ್ಟಿಕ್ಕುತ್ತದೆ. ಮೂವರನ್ನು ಹೆತ್ತ ನನಗೆ ಗೊತ್ತಿಲ್ಲವೆ? ಅವನನ್ನು ಎತ್ತಿಕೊಂಡು ದೂರ ನಡೆದೆ, ತರಕಾರಿ ಗಾಡಿಗಳ ಆಚೆ, ಬೀಗ ಹಾಕಿದ ಅಂಗಡಿಯೊಂದರ ಕಟ್ಟೆಯವರೆಗೆ. ಅಲ್ಲಿ ನನ್ನ ಬಳೆ ಚೀಪುತ್ತ ನಿದ್ದೆ ಹೋದ.

ಎರಡು ಗಂಟೆಗೆ ಅವಳು ಹೊರಬಂದಾಗ ಕುರ್ತಾದ ಎದೆಯ ಮೇಲೆ ಎರಡು ಒದ್ದೆ ವೃತ್ತ. ಪ್ಯಾಡನ್ನು ಅವಚಿ ಹಿಡಿದಿದ್ದಳು.

"ಕೊನೀ ನಿಬಂಧ ಅರ್ಧಕ್ಕ ಬಿಟ್ಟೆ ಅಕ್ಕೋರ. ಇವ ಭಾಳ ಅಳಾಕತ್ತಿದ್ದ, ಕೇಳಾಕ ಆಗಲಿಲ್ಲ."

ಆ ಹೊತ್ತಿಗೆ ಅವನು ಕಟ್ಟೆಯ ಮೇಲೆ ನಿದ್ದೆಯಲ್ಲಿದ್ದ. ಅತ್ತದ್ದು ಯಾರ ಮಗುವೋ. ಹೇಳಲಿಲ್ಲ ನಾನು. ಗೋಡೆಯ ಕಡೆ ತಿರುಗಿ ಕೂತು ಕೂಸನ್ನು ಎದೆಗೆ ಹಾಕಿಕೊಂಡಳು.

ಮರಾಠಿ ಪಾಸಾಯಿತು, ಗಣಿತ ಹೋಯಿತು. ಯಜಮಾನರು ಎರಡು ದಿನ ಮಾತಾಡಲಿಲ್ಲ. ಜುಲೈ ಪರೀಕ್ಷೆಗೆ ಮತ್ತೆ ಅದೇ ಗಾಡಿ. ಅಷ್ಟರಲ್ಲಿ ಕೂಸು ನನ್ನ ಕೈಯಿಂದ ಮೊಸರನ್ನ ತಿನ್ನತೊಡಗಿತ್ತು.